ಎಡಗಾಲಿನ ತೂಕ

ಪಾಲಾರಿವಟ್ಟಂನ ಆ ಅಂಗಡಿಯಲ್ಲಿ ಎಲೆಕ್ಟ್ರಿಕ್ ಸೈಕಲ್ಲಿನ ಹ್ಯಾಂಡಲ್ ನನ್ನ ಕೈಗೆ ಬಂದ ಕೂಡಲೇ ನನ್ನ ಗಂಡ ನನ್ನ ಎಡಗಾಲನ್ನು ನೋಡಿದರು. ನಾನು ಅದನ್ನು ಕಾಣದವಳಂತೆ ಸೀಟಿನ ಎತ್ತರ ಸರಿ ಮಾಡಿಸಿಕೊಂಡೆ.

"ಅಂಗಡಿ ಮುಂದೆ ಒಂದು ಸುತ್ತು ಹೊಡಿ, ಸಾಕು. ಸೇತುವೆ ಕಡೆ ಹೋಗಬೇಡ ಕಣೇ," ಎಂದರು.

"ಸಪಾಟು ರಸ್ತೆದಾಗ ಓಡಿಸಿದ್ರ ಏನು ತಿಳೀತದ್ರೀ? ನನಗ ಏರು ಹತ್ತಿ ನೋಡಬೇಕು."

ಅಂಗಡಿಯ ಯುವಕನಿಗೆ ನಮ್ಮ ಕನ್ನಡ ತಿಳಿಯಲಿಲ್ಲ, ಧಾಟಿ ತಿಳಿಯಿತು. "ಒರು ಪ್ರಶ್ನವುಮಿಲ್ಲ ಚೇಚೀ," ಎಂದ. ಏನೂ ತೊಂದರೆಯಿಲ್ಲ ಅಕ್ಕಾ ಎಂದು ಅವನು ಹೇಳಿದ್ದು ನನಗೆ, ಆದರೆ ಮುಖ ನೋಡಿದ್ದು ನನ್ನ ಗಂಡನದು.

ನಾನು ಧಾರವಾಡದವಳು, ಅವರು ಮೈಸೂರಿನವರು. ಕೊಚ್ಚಿಗೆ ಬಂದು ಇಷ್ಟು ವರ್ಷವಾದರೂ ಇಬ್ಬರ ಕನ್ನಡವೂ ಊರಿನಿಂದ ತಂದ ಹಾಗೇ ಉಳಿದಿದೆ. ಜಗಳದ ಹೊತ್ತಿನಲ್ಲಂತೂ ಎರಡೂ ಇನ್ನಷ್ಟು ಗಟ್ಟಿಯಾಗುತ್ತವೆ. ನನ್ನದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಅವರು ವಲ್ಲಾರ್‌ಪಾಡಂ ಬಂದರಿನ ಕಡೆ ಸುರಕ್ಷತಾ ಅಧಿಕಾರಿ. ಯಾವ ಅಪಘಾತ ಎಲ್ಲಿ ಹೇಗೆ ಆಗಬಹುದು ಎಂದು ಆಗುವ ಮೊದಲೇ ಯೋಚಿಸುವುದು ಅವರ ಉದ್ಯೋಗ. ಸಂಜೆ ಮನೆಗೆ ಬಂದ ಮೇಲೂ ಆ ಯೋಚನೆ ನಿಲ್ಲುವುದಿಲ್ಲ. ಗ್ಯಾಸಿನ ನಲ್ಲಿ, ಬಚ್ಚಲಿನ ನೆಲ, ಮೆಟ್ಟಿಲಿನ ಅಂಚು, ಎಲ್ಲದರಲ್ಲೂ ಅವರಿಗೆ ಒಂದು ಬೀಳುವ ಸದ್ದು ಕೇಳಿಸುತ್ತದೆ.

ಬೀಳುವ ಸದ್ದನ್ನು ಅವರು ನಿಜವಾಗಿಯೂ ಕೇಳಿಸಿಕೊಂಡಿದ್ದರು. ನನ್ನ ಬೆನ್ನಿನ ಡಿಸ್ಕ್ ಜಾರಿ ಆಪರೇಷನ್ ಆಯಿತು. ನೋವು ಹೋಯಿತು, ಎಡಗಾಲಿಗೆ ಹೋಗುವ ನರ ಮಾತ್ರ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಆದರೆ ಇದ್ದಕ್ಕಿದ್ದಂತೆ ಮೈಯ ಭಾರವೆಲ್ಲ ಎಡಗಾಲಿನ ಮೇಲೆ ಬಿದ್ದರೆ ಮೊಣಕಾಲು ಮಡಚಿಕೊಳ್ಳುತ್ತದೆ. ಆಪರೇಷನ್ನಿನ ಮರುವರ್ಷ ಕಲೂರಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ಎಡಕ್ಕೆ ವಾಲಿತು. ಕಾಲೂರಿದೆ, ಕಾಲು ನಿಲ್ಲಲಿಲ್ಲ, ಸ್ಕೂಟರ್ ಸಮೇತ ಬಿದ್ದೆ. ಹಿಂದೆ ಕೂತಿದ್ದವರು ಅವರೇ. ಇಬ್ಬರಿಗೂ ತರಚುಗಾಯ, ಅಷ್ಟೇ. ನಾನು ರಜೆ ಹಾಕಿ ಮನೆಯಲ್ಲಿ ಮಲಗಿದ್ದಾಗ ಅವರು ಸ್ಕೂಟರನ್ನು ಮಾರಿಬಿಟ್ಟರು. ಮಾರಿದ ಮೇಲೆ ಹೇಳಿದರು. ಅದು ನನ್ನ ಹೆಸರಿನಲ್ಲಿತ್ತು. ವಿಮೆಯ ಕಾಗದ ಎಂದು ಅವರು ಹೇಳಿದ್ದನ್ನು ನಂಬಿ ನಾನೇ ಸಹಿ ಹಾಕಿದ್ದೆ. ಆ ದಿನದಿಂದ ನಾವು ಅದರ ಬಗ್ಗೆ ಮಾತಾಡಿರಲಿಲ್ಲ.

ಈಗ ನನಗೆ ತಿರುವನಂತಪುರಕ್ಕೆ ವರ್ಗವಾಗಿತ್ತು. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ಇಲ್ಲಿ ಎಂದು ತೀರ್ಮಾನವಾಯಿತು. ಕ್ವಾರ್ಟರ್ಸ್ ಒಂದು ದಿಬ್ಬದ ಮೇಲೆ, ಕಚೇರಿ ಇನ್ನೊಂದು ದಿಬ್ಬದ ಮೇಲೆ ಎಂದು ಅಲ್ಲಿನ ಸಹೋದ್ಯೋಗಿ ಫೋನಿನಲ್ಲಿ ಹೇಳಿದ್ದರು. ಸೈಕಲ್ ತುಳಿಯುವುದು ನಿಮ್ಮ ಕಾಲಿಗೆ ಒಳ್ಳೆಯದು, ಮೋಟಾರಿನ ಸಹಾಯವಿದ್ದರೆ ಇನ್ನೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಈ ಎರಡು ಮಾತನ್ನು ಜೋಡಿಸಿಕೊಂಡು ನಾನು ಹುಡುಕತೊಡಗಿದೆ. ಓದುತ್ತಾ ಓದುತ್ತಾ ಮಿಡ್‌ಡ್ರೈವ್ ಎಂಬುದರಲ್ಲಿ ಬಂದು ನಿಂತೆ. ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಮೋಟಾರು ಚಕ್ರದೊಳಗಿರುತ್ತದೆ. ಮಿಡ್‌ಡ್ರೈವ್‌ನಲ್ಲಿ ಎರಡು ಪೆಡಲುಗಳ ನಡುವೆ ಇರುತ್ತದೆ. ನಾವು ಎಷ್ಟು ಒತ್ತಿ ತುಳಿಯುತ್ತೇವೋ ಅದನ್ನು ಅಳೆದು, ಅದಕ್ಕೆ ತಕ್ಕಷ್ಟು ತನ್ನ ಬಲ ಸೇರಿಸಿ ಚೈನನ್ನು ಎಳೆಯುತ್ತದೆ. ಗೇರು ಇಳಿಸಿದರೆ ನಮ್ಮ ಜೊತೆ ಮೋಟಾರಿಗೂ ಏರು ಹಗುರ. ನನ್ನಂಥವಳಿಗೆ ಇದೇ ಸರಿ ಎಂದು ನನಗೆ ಖಾತ್ರಿಯಾಗಿತ್ತು.

ಅಂಗಡಿಯ ಮುಂದಿನ ಒಳರಸ್ತೆಯಲ್ಲಿ ಸೈಕಲ್ಲು ಚೆನ್ನಾಗಿಯೇ ಓಡಿತು. ಕೊಚ್ಚಿಯಲ್ಲಿ ಏರು ಎಂದರೆ ಸೇತುವೆ. ಕಾಲುವೆಯ ಮೇಲಿನ ಸಣ್ಣ ಸೇತುವೆಯತ್ತ ತಿರುಗಿಸಿದೆ. ಹಿಂದಿನಿಂದ ಅವರು "ಏಯ್, ಏಯ್" ಎನ್ನುತ್ತಾ ಓಡಿಬರುವುದು ಕೇಳಿಸಿತು. ಅರ್ಧ ಏರುವಷ್ಟರಲ್ಲಿ ಸೈಕಲ್ಲು ಭಾರವಾಯಿತು. ಬಲಗಾಲಿನಿಂದ ಜೋರಾಗಿ ಒತ್ತಿದೆ, ಮೋಟಾರು ಉಸಿರೆತ್ತಲಿಲ್ಲ. ಎಡಗಾಲಿನಿಂದ ಒತ್ತಿದಾಗ ಸಣ್ಣಗೆ ಗುರುಗುಟ್ಟಿ ಸುಮ್ಮನಾಯಿತು. ಹಿಂದೆ ಬಸ್ಸೊಂದು ಹಾರನ್ ಒತ್ತಿ ಹಿಡಿಯಿತು. ಹ್ಯಾಂಡಲ್ ಅತ್ತಿತ್ತ ಹೊಯ್ದಾಡಿತು. ನಾನು ಬಲಕ್ಕೆ ವಾಲಿ ಬಲಗಾಲೂರಿ ನಿಂತೆ. ಬಸ್ಸು ನನ್ನ ಮೊಣಕೈಯನ್ನು ಸವರಿಕೊಂಡೇ ಹೋಯಿತು ಎನಿಸಿತು. ಅಷ್ಟೊಂದು ಹತ್ತಿರ ಇರಲಿಲ್ಲವೇನೋ.

ಅವರು ಬಂದು ಸೈಕಲ್ಲನ್ನು ಹಿಡಿದುಕೊಂಡರು. ಏದುಸಿರು ಬಿಡುತ್ತಿದ್ದರು. ಆಮೇಲೆ ಮೆತ್ತಗೆ, "ಇದು ಸೈಕಲ್ಲಿನ ತಪ್ಪಲ್ಲ ಕಣೇ. ನಿನ್ನ ಕಾಲಿನಲ್ಲಿ ಬಲ ಇಲ್ಲ. ಮೋಟಾರು ಏನು ತಾನೇ ಮಾಡುತ್ತೆ?" ಎಂದರು.

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅವರು ಮೆತ್ತಗೆ ಹೇಳಿದ್ದರಿಂದ ನಾನು ನಂಬಿದೆ. ಅಂಗಡಿಯವನೂ ತಾನೇ ಓಡಿಸಿ ತೋರಿಸಿದ. ಅವನ ಕಾಲ ಕೆಳಗೆ ಅದೇ ಸೈಕಲ್ಲು ಸೇತುವೆಯನ್ನು ಸರಸರನೆ ಹತ್ತಿತು. ಸರಿ, ನನ್ನ ಕಾಲೇ ಎಂದುಕೊಂಡೆ.

ಮುಂದಿನ ಶನಿವಾರ ಕಲೂರಿಗೆ ಹೋದೆವು, ಸ್ಟೇಡಿಯಮ್ಮಿನ ಹತ್ತಿರದ ಇನ್ನೊಂದು ಅಂಗಡಿಗೆ. ಅಲ್ಲಿಯವರು ನನ್ನ ಕಾಲಿನ ವಿಷಯ ಕೇಳಿ, ನಿಮಗೆ ಮಿಡ್‌ಡ್ರೈವ್ ಬೇಡವೇ ಬೇಡ, ಚಕ್ರದಲ್ಲಿ ಮೋಟಾರಿರುವುದನ್ನೇ ತೆಗೆದುಕೊಳ್ಳಿ, ಅದಕ್ಕೆ ಒತ್ತಡ ಬೇಕಿಲ್ಲ, ಪೆಡಲು ತಿರುಗಿದರೆ ಸಾಕು ಎಂದರು. ಕೇಳುವುದಕ್ಕೆ ಚೆನ್ನಾಗಿತ್ತು. ಹತ್ತಿ ಕೂತು ಪೆಡಲನ್ನು ಕಾಲಿಗೆ ಸರಿಹೊಂದುವಂತೆ ತಿರುಗಿಸಿಕೊಳ್ಳುತ್ತಿದ್ದೆ, ಅಷ್ಟಕ್ಕೇ ಸೈಕಲ್ಲು ಮುನ್ನುಗ್ಗಿತು. ಎದುರಿಗೆ ನಿಂತಿದ್ದ ಆಟೋದ ಹಿಂಬದಿ ನನ್ನ ಮುಖದ ಹತ್ತಿರಕ್ಕೆ ಬಂತು. ಎರಡೂ ಬ್ರೇಕು ಹಿಡಿದೆ. ಮುಂದಿನ ಚಕ್ರ ಆಟೋದ ಬಂಪರಿಗೆ ತಾಗಿ ನಿಂತಿತು. ಆಟೋದವನು ಇಳಿದು ಬಂದು ನೋಡಿ, ಏನೂ ಆಗಿಲ್ಲವೆಂದು ಕೈಯಾಡಿಸಿ ಹೋದ. ಆದರೆ ನನ್ನ ಗಂಡ ನಡುರಸ್ತೆಯಲ್ಲಿ ಕೂಗಿದರು.

"ಸಾಕು ಮಾಡ್ತೀಯಾ ಇಲ್ವಾ? ನೀನು ತಿರುವನಂತಪುರದಲ್ಲಿ ಒಬ್ಬಳೇ ಬಿದ್ರೆ ನಂಗೆ ಫೋನ್ ಯಾರು ಮಾಡ್ತಾರೆ?"

ಅವರು ನನ್ನ ಮೇಲೆ ಬೀದಿಯಲ್ಲಿ ಕೂಗಿದ್ದು ಅದೇ ಮೊದಲು. ಅಂಗಡಿಯವರು ಒಳಗೆ ಹೋಗಿ ಏನೋ ಹುಡುಕುವವರಂತೆ ನಿಂತುಬಿಟ್ಟರು.

ಪಕ್ಕದ ಹೋಟೆಲಿನಲ್ಲಿ ಎದುರುಬದುರು ಕೂತೆವು. ಅಪ್ಪಂ ಬಂತು, ಕಡಲೆಕರಿ ಬಂತು, ಇಬ್ಬರೂ ಮುಟ್ಟಲಿಲ್ಲ.

"ಸ್ಕೂಟರ್ ಮಾರಿದಂಗ ಇದನ್ನೂ ಮಾರಿ ಬರ್ತೀರೇನ್ರೀ?" ಎಂದೆ. ಅದೆಲ್ಲಿಂದ ಬಾಯಿಗೆ ಬಂತೋ.

ಅವರು ನೀರಿನ ಲೋಟವನ್ನು ಎಳೆದುಕೊಂಡರು.

"ಸ್ಕೂಟರು ನಂದು. ಬಿದ್ದಾಕಿ ನಾನು. ಮಾರಬೇಕೋ ಬ್ಯಾಡೋ ಅಂತ ನನ್ನ ಕೇಳಬೇಕಿತ್ತು. ನೀವು ಕೇಳಲಿಲ್ಲ. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡ್ರಿ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು, ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ." ಅಪ್ಪಂನ ಅಂಚನ್ನು ಮುರಿದು ತಟ್ಟೆಯಲ್ಲೇ ಬಿಟ್ಟರು. "ಹೆದರಿದ್ದೆ ಕಣೇ. ಆಮೇಲೆ ಹೇಳೋಕೆ ಇನ್ನೂ ಹೆದರಿಕೆಯಾಯ್ತು."

ಕ್ಷಮಿಸಿದೆ ಎನ್ನುವಷ್ಟು ದೊಡ್ಡ ಮನಸ್ಸು ಆಗ ನನಗಿರಲಿಲ್ಲ. ತಣ್ಣಗಾದ ಅಪ್ಪಂ ತಿಂದು ಬಸ್ಸು ಹತ್ತಿದೆವು.

ತಿರುವನಂತಪುರಕ್ಕೆ ಹೋಗಿ ಕ್ವಾರ್ಟರ್ಸ್ ನೋಡಿ ಬರಬೇಕಿತ್ತು. ಅಲ್ಲಿಯೂ ಒಂದು ಸೈಕಲ್ ಅಂಗಡಿ ಇದೆಯೆಂದು ನಾನು ಮೊದಲೇ ವಿಚಾರಿಸಿಟ್ಟುಕೊಂಡಿದ್ದೆ, ಹೇಳಿರಲಿಲ್ಲ. ರೈಲಿನಲ್ಲಿ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಕೊನೇದು. ಇದಾದ ಮೇಲೆ ಆಟೋ," ಎಂದರು. ನಾನು ಒಪ್ಪಿದೆ. ಆಟೋದವರು ಆ ದಿಬ್ಬಕ್ಕೆ ಬರುವುದಿಲ್ಲ ಎಂದ ದಿನ ನಾನು ಏನು ಮಾಡಬೇಕು, ದಿನಾ ಯಾರ ಕಾರಿನ ಬಾಗಿಲ ಹತ್ತಿರ ನಗುತ್ತಾ ನಿಲ್ಲಬೇಕು ಎಂದು ಕೊಲ್ಲಂ ದಾಟುವವರೆಗೂ ಲೆಕ್ಕ ಹಾಕುತ್ತಿದ್ದೆ.

ಆ ಊರಿನಲ್ಲಿ ಸಪಾಟು ರಸ್ತೆ ಹುಡುಕಿದರೂ ಸಿಗುವುದಿಲ್ಲ. ಅಂಗಡಿಯೇ ಒಂದು ಇಳಿಜಾರಿನ ಬುಡದಲ್ಲಿತ್ತು. ನಡೆಸುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು, ಚೂಡಿದಾರಿನ ಮೇಲೆ ಗ್ರೀಸಿನ ಕಲೆ. ನನಗಿದ್ದಷ್ಟು ಮಲಯಾಳಂನಲ್ಲಿ ಕಾಲಿನ ಕಥೆ ಹೇಳಿದೆ. ಅವಳು ಒಂದು ಮಿಡ್‌ಡ್ರೈವ್ ಹೊರಗೆ ತಂದಳು. ಬೇರೆ ಕಂಪನಿಯದು, ನೋಡಲು ಪಾಲಾರಿವಟ್ಟಂನದಕ್ಕಿಂತ ಚೆಂದ. ಇಲ್ಲಿಯ ಏರನ್ನು ಇದು ಆರಾಮವಾಗಿ ಹತ್ತುತ್ತದೆ ಎಂದಳು.

ಅವರು ಸೀಟಿನ ಹಿಂಭಾಗವನ್ನು ಹಿಡಿದುಕೊಂಡರು.

"ಬಿಡ್ರಿ."

"ಸ್ವಲ್ಪ ದೂರ ಹಿಡ್ಕೊಂಡು ಬರ್ತೀನಿ."

"ಬಿಡ್ರಿ ಅಂದ್ನಲ್ಲ. ನೀವು ಹಿಡಕೊಂಡ್ರ ಯಾರ ಬಲ ಅಂತ ಹ್ಯಾಂಗ ಗೊತ್ತಾಗ್ತದ?"

ಬಿಟ್ಟರು. ನಾನು ಗೇರು ಇಳಿಸಿ ಹೊರಟೆ. ಮೊದಲು ಪರವಾಗಿಲ್ಲ. ಏರು ಕಡಿದಾದಲ್ಲಿ ಮತ್ತೆ ಅದೇ. ಬಲಗಾಲಿನಿಂದ ಒತ್ತಿದರೆ ಕಲ್ಲನ್ನು ತಳ್ಳಿದಂತೆ, ಎಡಗಾಲಿನ ಸರದಿಯಲ್ಲಿ ಸಣ್ಣ ಗುರುಗುರು ಸದ್ದು. ತೊಡೆ ನಡುಗತೊಡಗಿತು. ಒಂದು ತಿರುವಿನಲ್ಲಿ ಸೈಕಲ್ಲು ನಿಂತೇಹೋಯಿತು. ಬ್ರೇಕು ಹಿಡಿಯುವುದರೊಳಗೆ ಹಿಂದಕ್ಕೆ ಜಾರಿತು, ಎಡಕ್ಕೆ ವಾಲಿತು. ಎಡಗಾಲೂರಿದೆ. ಮೊಣಕಾಲು ಮಡಚಿಕೊಂಡಿತು. ಕಾಂಪೌಂಡ್ ಗೋಡೆಯ ಬುಡದ ಹುಲ್ಲಿನ ಮೇಲೆ ಬಿದ್ದೆ, ನನ್ನ ಮೇಲೆ ಸೈಕಲ್ಲು. ಕೆಳಗಿನಿಂದ ಹತ್ತಿಬರುತ್ತಿದ್ದ ನೀರಿನ ಲಾರಿ ಕಿರ್ರೆಂದು ನಿಂತಿತು. ಅದರ ಮುಂದಿನ ಚಕ್ರವನ್ನು ನಾನು ನೆಲದ ಮಟ್ಟದಿಂದ ನೋಡಿದೆ. ಚಕ್ರಕ್ಕೂ ನನಗೂ ನಡುವೆ ಬೇಕಾದಷ್ಟು ಜಾಗವಿತ್ತು. ಆದರೂ ಅದರ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ.

ಅವರು ಓಡಿಬಂದು ಸೈಕಲ್ಲನ್ನು ಎತ್ತಿದರು, ನನ್ನನ್ನು ಎಬ್ಬಿಸಿ ಗೋಡೆಗೆ ಒರಗಿಸಿದರು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಲಾರಿ ಮೆಲ್ಲಗೆ ನಮ್ಮನ್ನು ದಾಟಿ ಹೋಯಿತು. ಇನ್ನು ಅವರು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ನಾನೇ ಹೇಳಿಬಿಡೋಣವೆಂದು, "ಆತ್ರೀ. ಮುಗೀತು. ಆಟೋನೇ," ಎಂದೆ. ಅಳು ಬಂತು.

ಅವರು ಪೆಡಲನ್ನೇ ನೋಡುತ್ತಿದ್ದರು.

"ಬಲಗಾಲಲ್ಲಿ ಒತ್ತಿದಾಗ ಮೋಟಾರು ಸದ್ದು ಮಾಡ್ತಾ?" ಎಂದು ಕೇಳಿದರು.

"ಇಲ್ಲ."

"ನಿನ್ನ ಬಲಗಾಲು ಚೆನ್ನಾಗಿದೆ ತಾನೇ?"

"ಅದಕ್ಕೇನಾಗ್ಯದ?"

"ಪಾಲಾರಿವಟ್ಟಂನಲ್ಲೂ ಹೀಗೇನಾ?"

ಸೇತುವೆಯ ಮೇಲಿನ ಆ ಗುರುಗುರು ಸದ್ದು ನೆನಪಾಯಿತು. ಎಡಗಾಲಿನ ಸರದಿಯಲ್ಲಿ ಮಾತ್ರ ಅದು ಕೇಳಿಸಿದ್ದು. ಹೌದು ಎಂದು ತಲೆಯಾಡಿಸಿದೆ.

ಅವರು ತಾವೇ ಸೈಕಲ್ ಹತ್ತಿದರು. ಸೈಕಲ್ ತುಳಿದು ಎಷ್ಟು ವರ್ಷವಾಗಿತ್ತೋ, ತಡವರಿಸಿ ಕೂತರು. ಎಡಗಾಲನ್ನು ಪೆಡಲಿನಿಂದ ತೆಗೆದು ಗಾಳಿಯಲ್ಲಿ ಚಾಚಿ, ಬಲಗಾಲೊಂದರಿಂದಲೇ ತುಳಿಯಲು ನೋಡಿದರು. ಸೈಕಲ್ಲು ಒಂದು ಮಾರು ಹೋಗಿ ನಿಂತಿತು. ಇಳಿದು, ಈ ಸಲ ಬಲಗಾಲನ್ನು ಚಾಚಿ ಎಡಗಾಲಿನಿಂದ ಮಾತ್ರ ಒತ್ತಿದರು. ಮೋಟಾರು ಗುಂಯ್ ಎಂದಿತು. ಸೈಕಲ್ಲು ಅವರನ್ನು ಹೊತ್ತುಕೊಂಡು ಏರಿನ ಮೇಲೆ ಹಾರಿತು. ನಾನು ಅಯ್ಯೋ ಎಂದು ಕೂಗಿದೆ. ಹೇಗೋ ನಿಲ್ಲಿಸಿ, ತಳ್ಳಿಕೊಂಡು ಇಳಿದು ಬಂದರು. ಅವರ ಮುಖ ಕೆಂಪಾಗಿತ್ತು.

"ನಿನ್ನ ಕಾಲಲ್ಲ," ಎಂದರು. "ಇದು ಎಡಗಡೆ ಪೆಡಲನ್ನು ಮಾತ್ರ ತೂಗ್ತಾ ಇದೆ. ಬಲಗಡೆ ನೀನು ಎಷ್ಟು ಒತ್ತಿದರೂ ಇದಕ್ಕೆ ಗೊತ್ತೇ ಆಗಲ್ಲ. ನಮ್ಮ ಕ್ರೇನಿನಲ್ಲಿ ಒಂದು ಮೂಲೆ ತೂಗಿ ಇಡೀ ಕಂಟೇನರಿನ ತೂಕ ಇಷ್ಟೇ ಅಂದರೆ ನಾನು ಕೆಲಸ ನಿಲ್ಲಿಸಿಬಿಡ್ತೀನಿ. ಎರಡು ಕಾಲೂ ಸಮ ಇರೋರಿಗೆ ಇದು ಗೊತ್ತಾಗಲ್ಲ." ಪೆಡಲಿನಿಂದ ಕಣ್ಣು ತೆಗೆಯದೆ, "ನಿನ್ನ ಕಾಲೇ ಅಂದುಬಿಟ್ಟೆ ಅವತ್ತು," ಎಂದರು.

ನಾವು ಕೆಳಗಿಳಿದು ಬಂದೆವು. ಅಂಗಡಿಯವಳಿಗೆ ಅವರು ತಮ್ಮ ಒಡಕು ಮಲಯಾಳಂನಲ್ಲಿ, "ಕಾಲಿನು ಕುಳಪ್ಪಮಿಲ್ಲ," ಎಂದರು. ಕಾಲಿಗೇನೂ ತೊಂದರೆಯಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದರು. ಅವಳು ನಂಬಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಬ್ರೇಕು ಹಿಡಿದು, ಒಂದೊಂದೇ ಪೆಡಲನ್ನು ಕೈಯಿಂದ ಅದುಮಿ ನೋಡಿದಳು. ಎಡಕ್ಕೆ ಮೋಟಾರು ಎಳೆಯಿತು, ಬಲಕ್ಕೆ ಇಲ್ಲ. ತನಗಿದು ಗೊತ್ತಿರಲಿಲ್ಲ, ಇದುವರೆಗೆ ಕೊಂಡವರಲ್ಲಿ ಯಾರೂ ಹೇಳಿಲ್ಲ ಎಂದಳು. ನನ್ನ ಮೊಣಕೈ ತೊಳೆಯಲು ನೀರು ತಂದುಕೊಟ್ಟಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಬಣ್ಣ ಮಾಸಿದ್ದು, ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಅವಳ ಕೊಡೆ. ಅದು ಅವಳು ದಿನಾ ಓಡಿಸುತ್ತಿದ್ದ ಸೈಕಲ್ಲು. ಅದರ ಮೋಟಾರು ಬೇರೆ ಎಂದಳು. ನನ್ನ ಗಂಡನೇ ಕೂತು ಅದರ ಎರಡೂ ಪೆಡಲುಗಳನ್ನು ಅದುಮಿ ನೋಡಿದರು. ಎಡಕ್ಕೂ ಎಳೆಯಿತು, ಬಲಕ್ಕೂ ಎಳೆಯಿತು.

"ನೋಡು, ನಿನ್ನಿಷ್ಟ," ಎಂದರು.

ನನಗೆ ಹತ್ತಲು ಮನಸ್ಸಿರಲಿಲ್ಲ. ಲಾರಿಯ ಚಕ್ರ ಇನ್ನೂ ಕಣ್ಣೆದುರಿಗಿತ್ತು. ನಾಳೆ ನೋಡೋಣ ಎಂದುಬಿಡಬಹುದಿತ್ತು. ನಾಳೆ ನಾನು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಬಲಗಾಲನ್ನು ಪೆಡಲಿನ ಮೇಲಿಟ್ಟು ನೆಲವನ್ನು ಒಂದು ಸಲ ಒದ್ದು ಹೊರಟೆ. ಅವರು ಸೀಟನ್ನು ಹಿಡಿಯಲಿಲ್ಲ.

ಬಲಗಾಲು ಒತ್ತಿದ ಕೂಡಲೇ ಕೆಳಗಿನಿಂದ ಯಾರೋ ಕೈಕೊಟ್ಟಂತಾಯಿತು. ಎಡಗಾಲಿನ ಸರದಿಯಲ್ಲಿ ಆ ಕೈ ಸಡಿಲವಾಗುತ್ತಿತ್ತು, ಬಿಡುತ್ತಿರಲಿಲ್ಲ. ಬಲ, ಮತ್ತೆ ಬಲ. ಸೈಕಲ್ಲು ಜಗ್ಗಿ ಜಗ್ಗಿ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ನಾನು ಬಿದ್ದ ತಿರುವು ಬಂತು. ಹುಲ್ಲು ಇನ್ನೂ ಮಲಗಿಕೊಂಡಿತ್ತು. ಹಲ್ಲು ಕಚ್ಚಿ ಅದನ್ನು ದಾಟಿದೆ. ಎದುರಿನಿಂದ ಕಾರೊಂದು ಇಳಿದುಬಂತು, ಗೋಡೆಗೆ ಅಂಟಿಕೊಂಡಂತೆ ಸಾಗಿದೆ. ಬೆವರು ಕಣ್ಣಿಗಿಳಿದು ಉರಿಯಿತು, ಒರೆಸಿಕೊಳ್ಳಲು ಕೈ ಬಿಡುವ ಧೈರ್ಯವಿಲ್ಲ. ಒಮ್ಮೆಲೇ ಪೆಡಲು ಹಗುರವಾಯಿತು. ದಿಬ್ಬದ ನೆತ್ತಿಗೆ ಬಂದಿದ್ದೆ. ಬಲಕ್ಕೆ ವಾಲಿ ಬಲಗಾಲೂರಿ ನಿಂತೆ. ತಿರುವಿನಿಂದಾಗಿ ಕೆಳಗೆ ನಿಂತಿದ್ದವರು ಕಾಣಿಸಲಿಲ್ಲ. ಅವರಿಗೂ ನಾನು ಕಾಣಿಸುತ್ತಿಲ್ಲ, ಈಗ ಅವರ ಎದೆ ಹೇಗೆ ಹೊಡೆದುಕೊಳ್ಳುತ್ತಿರಬಹುದು ಎನಿಸಿತು. ಆದರೂ ಕೂಡಲೇ ತಿರುಗಿಸಲಿಲ್ಲ. ಉಸಿರು ತಹಬಂದಿಗೆ ಬರುವವರೆಗೆ ಅಲ್ಲೇ ನಿಂತೆ.

ಇಳಿಯುವಾಗ ಉದ್ದಕ್ಕೂ ಬ್ರೇಕು ಹಿಡಿದೇ ಬಂದೆ. ಅವರು ಅಂಗಡಿಯ ಮುಂದೆಯೇ ನಿಂತಿದ್ದರು. ಹಿಂದೆ ಓಡಿಬಂದಿರಲಿಲ್ಲ. ಅಂಗಡಿಯವಳ ಕೊಡೆ ಅವರ ಕೈಯಲ್ಲಿತ್ತು, ಅದರ ಹಿಡಿಯನ್ನು ಎರಡೂ ಕೈಯಿಂದ ಹಿಚುಕುತ್ತಿದ್ದರು.

ಅದೇ ಮೋಟಾರಿನ ಹೊಸ ಸೈಕಲ್ಲಿಗೆ ಹೇಳಿ ಬಂದೆವು. ಅದು ಬಂದದ್ದು ನಾನು ಕೆಲಸಕ್ಕೆ ಸೇರಿ ಎಷ್ಟೋ ದಿನಗಳಾದ ಮೇಲೆ. ಅಲ್ಲಿಯವರೆಗೆ ಆಟೋಗಳಲ್ಲೇ ಓಡಾಡಿದೆ, ಸಹೋದ್ಯೋಗಿಗಳ ಕಾರಿನ ಬಾಗಿಲಲ್ಲಿ ನಗುತ್ತಲೂ ನಿಂತೆ. ಕಾಲು ಈಗಲೂ ಹಾಗೇ ಇದೆ. ಮಾಂಸಖಂಡ ಒಂದಿಷ್ಟು ತುಂಬಿದೆ ಎಂದು ಡಾಕ್ಟರು ಹೇಳುತ್ತಾರೆ, ನನಗೆ ಗೊತ್ತಾಗುವುದಿಲ್ಲ. ನಿಲ್ಲುವುದಕ್ಕೂ ಬಲಗಾಲು ಬೇಕು, ಹೊರಡುವುದಕ್ಕೂ ಬಲಗಾಲೇ ಬೇಕು. ಪ್ರತಿ ಸಿಗ್ನಲ್ಲಿನಲ್ಲೂ ಆ ಅದಲುಬದಲಿನ ಗಳಿಗೆಯಲ್ಲಿ ಭಾರ ಎಡಗಾಲಿನ ಮೇಲೆ ಬೀಳದಂತೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಒಂದು ಸಲ ಬಿದ್ದೂ ಇದ್ದೇನೆ. ಅದನ್ನು ಅವತ್ತೇ ಫೋನಿನಲ್ಲಿ ಅವರಿಗೆ ಹೇಳಿದೆ. "ಪೆಟ್ಟಾಯ್ತಾ?" ಎಂದರು. ಇಲ್ಲವೆಂದೆ. ಸೈಕಲ್ಲು ಬಿಡು ಎಂಬ ಮಾತನ್ನು ಅವರು ಎತ್ತಲಿಲ್ಲ.

ಆ ಸೈಕಲ್ಲಿನಲ್ಲಿ ಮೊದಲ ದಿನ ಕಚೇರಿಗೆ ಹೋಗಿದ್ದು ಚೆನ್ನಾಗಿ ನೆನಪಿದೆ. ಕಚೇರಿಯ ದಿಬ್ಬದ ಬುಡದಲ್ಲಿ ಬಸ್ಸೊಂದು ನನ್ನ ಹಿಂದೆಯೇ ಬಂದು ಹಾರನ್ ಒತ್ತಿತು. ನಾನು ಪಕ್ಕಕ್ಕೆ ಸರಿದು ನಿಂತು ಅದನ್ನು ಹೋಗಲು ಬಿಟ್ಟೆ. ಹಿಂದೆ ಇನ್ನೇನೂ ಬರುತ್ತಿಲ್ಲವೆಂದು ನೋಡಿಕೊಂಡು ಮತ್ತೆ ಹೊರಟು ಹತ್ತಿದೆ. ಗೇಟಿನ ಕಾವಲುಗಾರ ಎದ್ದು ನಿಂತು ನೋಡಿದ. ಸೈಕಲ್ಲಿಗೆ ಬೀಗ ಹಾಕಿ, ಬೆವರು ಒರೆಸಿಕೊಂಡು ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿಕೊಂಡರು. ಹುಷಾರಾಗಿ ತಲುಪಿದೆಯಾ ಎಂದು ಕೇಳುತ್ತಾರೆಂದುಕೊಂಡೆ.

"ಯಾವ ಗೇರಲ್ಲಿ ಹತ್ತಿದೆ?" ಎಂದರು.

"ಎಲ್ಲಕ್ಕಿಂತ ಸಣ್ಣದ್ರಾಗ," ಎಂದೆ. "ಇನ್ನೊಂದು ಸಣ್ಣದು ಇದ್ದಿದ್ರ ಚಲೋ ಇತ್ತು."